ಸಾಲವಷ್ಟೇ ಸಾಲದು, ಗಿರಾಕಿಯೂ ಬೇಕು
(ಹರಪನಹಳ್ಳಿ ತಾಲೂಕಿನ ಬಾಗಳಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಸಮುದಾಯದ ಜೀವನಾಧಾರ ಸರಕಾರಿ ನೌಕರಿಯಲ್ಲ, ಸ್ವಂತ ದುಡಿಮೆ. ದುಡಿಯುವ ಮುಸ್ಲಿಮರಲ್ಲಿ ನೂರಕ್ಕೆ 61 ಮಂದಿ ಸ್ವ-ಉದ್ಯೋಗಿಗಳೆಂದು 2006ರ ಸಾಚಾರ್ ಸಮಿತಿ ವರದಿ ತಿಳಿಸಿತು. ಸಾರ್ವಜನಿಕ ವಲಯದ ಬ್ಯಾಂಕುಗಳ ಆದ್ಯತಾ ಸಾಲದ ಖಾತೆಗಳಲ್ಲಿ ಮುಸ್ಲಿಮರ ಪಾಲು ಸುಮಾರು ಶೇ. 12 ಇದ್ದರೂ, ಸಾಲದ ಮೊತ್ತದಲ್ಲಿ ಅದು ಶೇ. 5ನ್ನೂ ಮುಟ್ಟಿರಲಿಲ್ಲವೆಂದು ಅದೇ ವರದಿ ಬೊಟ್ಟು ಮಾಡಿತು.

ಇದಕ್ಕೆ ನಮ್ಮ ರಾಜ್ಯ ನೆಚ್ಚಿಕೊಂಡ ಪರಿಹಾರ ಸಾಲ ಮತ್ತು ಸಹಾಯಧನ. 1986ರಲ್ಲಿ ಸ್ಥಾಪನೆಯಾದ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ಇವನ್ನು ನೀಡುತ್ತಾ ಬಂದಿದೆ. ಅದು ಬೇಕು. ಆದರೆ ಸಾಲದಿಂದ ಹೊಲಿಗೆ ಯಂತ್ರ ಮನೆಗೆ ಬರುತ್ತದೆ, ಬಟ್ಟೆ ಹೊಲಿಸುವವರು ಬರುವುದಿಲ್ಲ.

ಅಮೆರಿಕ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಅಲ್ಲಿ ಅಲ್ಪಸಂಖ್ಯಾತರೆಂದರೆ ಕರಿಯರು ಮುಂತಾದ ಜನಾಂಗಗಳು. 1969ರಲ್ಲಿ ಅಧ್ಯಕ್ಷ ನಿಕ್ಸನ್ ಅವರ ಉದ್ಯಮಗಳಿಗಾಗಿ ಪ್ರತ್ಯೇಕ ಕಚೇರಿ ತೆರೆದರು. ಕಾಲಕ್ರಮೇಣ ಸರಕಾರವೇ ಗಿರಾಕಿಯಾಗಿ, ಇಂತಹ ಸಣ್ಣ ಉದ್ಯಮಗಳಿಗೆ ತನ್ನ ಖರೀದಿಯಲ್ಲಿ ಪಾಲು ಕೊಟ್ಟಿತು.

ಆ ದಾರಿಯೂ ಸುಗಮವಾಗಿರಲಿಲ್ಲ. ಗುತ್ತಿಗೆಗಳಲ್ಲಿ ರಿಚ್ಮಂಡ್ ನಗರ ಗೊತ್ತುಪಡಿಸಿದ್ದ ಶೇ. 30ರ ಪಾಲನ್ನು, ತಾರತಮ್ಯಕ್ಕೆ ತಕ್ಕ ಪುರಾವೆಯಿಲ್ಲವೆಂದು 1989ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ರದ್ದುಪಡಿಸಿತು. 2025ರ ಮಾರ್ಚ್‌ನಲ್ಲಿ ಅಧ್ಯಕ್ಷ ಟ್ರಂಪ್, ನಿಕ್ಸನ್ ಕಾಲದ ಆ ಸಂಸ್ಥೆಯನ್ನೇ ಮೊಟಕುಗೊಳಿಸಲು ಆದೇಶಿಸಿದರು. ಅದೇ ತಿಂಗಳು ನಮ್ಮ ವಿಧಾನಸಭೆಯು 2 ಕೋಟಿ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಪ್ರವರ್ಗ 2ಬಿಗೆ ಶೇ. 4ರ ಮೀಸಲಾತಿ ನೀಡುವ ಮಸೂದೆಯನ್ನು ಅಂಗೀಕರಿಸಿತು. ಏಪ್ರಿಲ್‌ನಲ್ಲಿ ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಿದರು.

ಎರಡೂ ದೇಶಗಳಿಂದ ನಾವು ಕಲಿಯಬೇಕಾದ ಪಾಠವೊಂದಿದೆ. ಹಕ್ಕನ್ನು ಘೋಷಣೆಯಿಂದ ಉಳಿಸಿಕೊಳ್ಳಲಾಗದು, ಅದಕ್ಕೆ ಅಂಕಿ-ಅಂಶದ ಬಲ ಬೇಕು. ಅದನ್ನು ಕಲೆಹಾಕುವ ಹೊಣೆ ಸರಕಾರದಷ್ಟೇ ನಮ್ಮದೂ ಹೌದು.

ಈಗಾಗಲೇ ತೆರೆದಿರುವ ಬಾಗಿಲನ್ನೂ ನಾವು ಮರೆಯಬಾರದು. 2012ರ ಕೇಂದ್ರ ಖರೀದಿ ನೀತಿಯಂತೆ ಕೇಂದ್ರದ ಇಲಾಖೆಗಳೂ ಉದ್ದಿಮೆಗಳೂ ತಮ್ಮ ವಾರ್ಷಿಕ ಖರೀದಿಯ ಶೇ. 25ರಷ್ಟನ್ನು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದಲೇ ಕೊಳ್ಳಬೇಕು. ಅಲ್ಲಿ ಜಾತಿ-ಧರ್ಮದ ಪ್ರಶ್ನೆಯಿಲ್ಲದೆ ಯಾರೂ ಸ್ಪರ್ಧಿಸಬಹುದು. ಅದಕ್ಕೆ ಬೇಕಾದ ಉದ್ಯಮ್ ನೋಂದಣಿ ಉಚಿತ. ಅಂಗಡಿ ವ್ಯಾಪಾರಿಗಳಿಗೆ ಈ ನೋಂದಣಿಯಿಂದ ಆದ್ಯತಾ ಸಾಲವಷ್ಟೇ ದಕ್ಕುತ್ತದೆ. ತಯಾರಕರಿಗೂ ಸೇವಾ ಉದ್ಯಮದವರಿಗೂ ಖರೀದಿಯ ಬಾಗಿಲೂ ತೆರೆಯುತ್ತದೆ.

ಆದ್ದರಿಂದ ನಮ್ಮ ಜಮಾಅತ್‌ಗಳಲ್ಲಿ ನಮ್ಮದೊಂದು ವಿನಂತಿ. ಓದಿದ ಯುವಕ ಯುವತಿಯರನ್ನು ಕೂರಿಸಿ, ಊರಿನ ಪ್ರತಿಯೊಬ್ಬ ಕುಶಲಕರ್ಮಿಯ ನೋಂದಣಿ ಮಾಡಿಸಿರಿ. ಹಕ್ಕನ್ನು ಕೇಳೋಣ, ಕೇಳುವ ಕೈಯಲ್ಲಿ ದಾಖಲೆಯೂ ಇರಲಿ.