ಹಾಸಿಗೆ ಹಿಡಿದ ಹಿರಿಯರ ಆರೈಕೆ: ಒಬ್ಬಳ ಕೆಲಸವಲ್ಲ

(ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಮಾಹಿತಿ ಭಾಷಣದ ಬರಹರೂಪ)



ಸಂಘದ ಮೀಟಿಂಗಿನಲ್ಲಿ ಉಳಿತಾಯ, ಸಾಲ, ಮರುಪಾವತಿ ಎಲ್ಲ ಮಾತಾಡುತ್ತೇವೆ. ಇವತ್ತು ಮನೆಯ ಒಳಕೋಣೆಯ ವಿಷಯ ಮಾತಾಡುವ.

ಒಮ್ಮೆ ಮನೆ ಭೇಟಿಗೆ ಹೋದಾಗ ಲಕ್ವ ಹೊಡೆದು ಮಲಗಿದ್ದ ಅಜ್ಜಿಯೊಬ್ಬರನ್ನು ನಾವು ಕಂಡೆವು. ತುಟಿ ಒಡೆದಿತ್ತು, ನಾಲಿಗೆ ಒಣಗಿತ್ತು. ಪಕ್ಕದಲ್ಲಿ ಚೊಂಬಿನ ತುಂಬ ನೀರು ಹಾಗೇ ಉಂಟು. "ಎಂತಕ್ಕೆ ಕುಡಿಯುವುದಿಲ್ಲ ಅಜ್ಜಿ?" ಎಂದು ಕೇಳಿದೆವು. "ಕುಡಿದರೆ ಮೂತ್ರ ಬರ್ತದೆ ಸಿಸ್ಟರ್. ಸೊಸೆ ಬೀಡಿ ಕಟ್ಟುವುದು ಬಿಟ್ಟು ಎದ್ದು ಬರಬೇಕು. ಅವಳಿಗೆ ಎಷ್ಟು ಕೆಲಸ, ಪಾಪ" ಎಂದರು. ಬಾಗಿಲಲ್ಲಿ ನಿಂತಿದ್ದ ಸೊಸೆ ಕಣ್ಣೊರೆಸಿಕೊಂಡಳು. ಅವಳೇನೂ ಕೆಟ್ಟವಳಲ್ಲ. ಒಬ್ಬಳೇ, ಅಷ್ಟೆ.

ನೀರು ಮತ್ತು ಊಟ

ನೀರು ಕಡಿಮೆಯಾದರೆ ಮೂತ್ರದ ಸೋಂಕು, ಮಲಬದ್ಧತೆ ಬರುತ್ತದೆ. ಕೆಲವರು ಇದ್ದಕ್ಕಿದ್ದಂತೆ ಏನೇನೋ ಮಾತಾಡುತ್ತಾರೆ. 'ಅಜ್ಜಿಗೆ ಮರುಳು' ಎಂದು ಬಿಟ್ಟುಬಿಡಬೇಡಿ, ಡಾಕ್ಟರಿಗೆ ತೋರಿಸಿ. ಹಗಲು ಹೊತ್ತು ಸ್ವಲ್ಪ ಸ್ವಲ್ಪವೇ ನೀರು, ಗಂಜಿ ತಿಳಿ, ಮಜ್ಜಿಗೆ ಕೊಡುತ್ತಾ ಇರಿ. ರಾತ್ರಿ ಕಡಿಮೆ ಮಾಡಿ. ಹೃದಯ, ಕಿಡ್ನಿ ಕಾಯಿಲೆ ಇದ್ದವರಿಗೆ ಎಷ್ಟು ಕೊಡಬೇಕೆಂದು ಡಾಕ್ಟರನ್ನು ಕೇಳಿ. ಅವರು ಕರೆಯುವ ಮೊದಲೇ ಎರಡು ಮೂರು ಗಂಟೆಗೊಮ್ಮೆ ನೀವೇ ಬೆಡ್‌ಪ್ಯಾನ್ ಇಡಿ. ಕೇಳುವ ನಾಚಿಕೆ ಅವರಿಗೆ ತಪ್ಪುತ್ತದೆ.

ಮಲಗಿಸಿ ಏನನ್ನೂ ಕುಡಿಸಬೇಡಿ, ಶ್ವಾಸಕೋಶಕ್ಕೆ ಹೋಗುವ ಅಪಾಯ ಉಂಟು. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಗಲ್ಲ ಸ್ವಲ್ಪ ಕೆಳಗೆ ಬಾಗಿರಲಿ. ಚಿಕ್ಕ ಚಮಚದಲ್ಲಿ ಕೊಡಿ. ಒಂದು ತುತ್ತು ನುಂಗಿದ ಮೇಲೆಯೇ ಇನ್ನೊಂದು. ಊಟವಾಗಿ ಅರ್ಧ ಗಂಟೆ ಕೂತೇ ಇರಲಿ. ಕೊನೆಗೆ ಬಾಯಿ ಸ್ವಚ್ಛ ಮಾಡಿ. ಕಟ್ಟಿಸಿದ ಹಲ್ಲಿದ್ದರೆ ರಾತ್ರಿ ತೆಗೆದು ತೊಳೆದಿಡಿ.

ಬೆನ್ನು ಹುಣ್ಣು

ಸೊಂಟದ ಹಿಂಭಾಗ, ಪೃಷ್ಠ, ಹಿಮ್ಮಡಿ, ಈ ಮೂರು ಜಾಗ ದಿನಾ ನೋಡಿ. ಒಂದೇ ಕಡೆ ಭಾರ ಬಿದ್ದರೆ ಅಲ್ಲಿ ರಕ್ತ ಓಡುವುದಿಲ್ಲ, ಚರ್ಮ ಸಾಯುತ್ತದೆ. ನಮ್ಮ ಕಪ್ಪು ಚರ್ಮದಲ್ಲಿ ಕೆಂಪು ಬೇಗ ಕಾಣುವುದಿಲ್ಲ, ಕೈಯಿಟ್ಟು ನೋಡಿ. ಬಿಸಿ, ಗಟ್ಟಿ, ಅಥವಾ ಹೆಚ್ಚು ಕಪ್ಪು ಅನ್ನಿಸಿದರೆ ಅದೇ ಶುರು. ಅಲ್ಲಿ ತಿಕ್ಕಬೇಡಿ, ಸ್ಪಿರಿಟ್ ಹಚ್ಚಬೇಡಿ, ಗಾಳಿ ತುಂಬಿದ ರಿಂಗ್ ಇಡಬೇಡಿ. ಆ ಕಡೆ ಭಾರ ಬೀಳದಂತೆ ಮಲಗಿಸಿ.

ಎರಡು ಗಂಟೆಗೊಮ್ಮೆ ಎಡ, ಬಲ, ಬೆನ್ನು ಎಂದು ಮಗ್ಗುಲು ಬದಲಿಸಿ. ಹಳೆ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಸೊಂಟದ ಕೆಳಗೆ ಅಡ್ಡ ಹಾಸಿ. ಇಬ್ಬರು ಎರಡು ಕಡೆ ಹಿಡಿದು ಎತ್ತಿದರೆ ಚರ್ಮ ಉಜ್ಜುವುದಿಲ್ಲ, ನಿಮ್ಮ ಬೆನ್ನೂ ಉಳಿಯುತ್ತದೆ. ಲಕ್ವ ಹೊಡೆದ ಕೈಯನ್ನು ಎಳೆದು ಎಬ್ಬಿಸಬೇಡಿ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿ. ಹಾಸು ಸುಕ್ಕಾಗಬಾರದು, ಒದ್ದೆಯಾಗಬಾರದು. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ ಎಂದು ನಮಗೂ ಗೊತ್ತು; ಹಳೆ ಬಟ್ಟೆ ಬೇಸಿಗೆಯಲ್ಲೇ ಒಗೆದು ಒಟ್ಟುಮಾಡಿ ಇಡಿ. ಚರ್ಮ ಒಡೆದರೆ, ವಾಸನೆ ಬಂದರೆ, ಜ್ವರ ಬಂದರೆ ಮನೆ ಮದ್ದು ಬೇಡ. ಆಶಾ ಕಾರ್ಯಕರ್ತೆಗೆ ಹೇಳಿ, ತಡಮಾಡದೆ ಆಸ್ಪತ್ರೆಗೆ ತೋರಿಸಿ.

ಸಂಘದ ಪಾಲು

ಲೆಕ್ಕ ಹಾಕಿ: ಎರಡು ಗಂಟೆಗೊಮ್ಮೆ ಎಂದರೆ ದಿನಕ್ಕೆ ಹನ್ನೆರಡು ಸಲ. ಅಡುಗೆ, ಹಟ್ಟಿ, ತೋಟ, ಬೀಡಿ ಎಲ್ಲ ಮಾಡಿ ಒಬ್ಬಳಿಂದ ಆಗುತ್ತದಾ? ಆಗುವುದಿಲ್ಲ. ಹಾಗಾಗಿ ಬೆನ್ನು ಹುಣ್ಣಾದ ಮನೆಗೆ ಹೋಗಿ ಸೊಸೆಯನ್ನು ದೂರುವುದು ಬೇಡ. ಮನೆಯ ಗಂಡಸರೂ ಮಗ್ಗುಲು ಬದಲಿಸಲಿ; ತಾಯಿ ಅವರದ್ದೂ ಹೌದಲ್ಲವಾ?

ಈ ಕೆಲಸ ಬಲ್ಲವರು ನಮ್ಮ ಊರಲ್ಲೇ ಇದ್ದಾರೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್‌ನಿಂದ ನೊಂದ ಮನೆಗಳು ಈ ತಾಲೂಕುಗಳಲ್ಲಿ ಉಂಟು. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ತಡೆಯಿತು. ಆದರೆ ಹಾಸಿಗೆಯಲ್ಲೇ ಬೆಳೆದ ಮಕ್ಕಳಿಗೆ ಉಣಿಸುವ, ತೊಳೆಯುವ, ಮಗ್ಗುಲು ಬದಲಿಸುವ ತಾಯಂದಿರ ಕೆಲಸ ನಿಲ್ಲಲಿಲ್ಲ. ಅವರಿಗೂ ಈಗ ವಯಸ್ಸಾಗುತ್ತಿದೆ. ಅವರಿಂದ ಕಲಿಯುವ, ಅವರ ಮನೆಗೇ ಮೊದಲು ನೆರವಾಗುವ.

ಮುಂದಿನ ಮೀಟಿಂಗಿನಲ್ಲಿ ಮೂರು ವಿಷಯ ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ನಮ್ಮ ಸದಸ್ಯೆಯರ ಮನೆಗಳಲ್ಲಿ ಹಾಸಿಗೆ ಹಿಡಿದವರು ಯಾರ್ಯಾರು? ವಾರಕ್ಕೆ ಎರಡು ಗಂಟೆ ಅಲ್ಲಿ ಕೂರುವವರು ಯಾರು? ಸಂಘದ ಹಣದಲ್ಲಿ ಒಂದು ಬೆಡ್‌ಪ್ಯಾನ್, ಒಂದು ವಾಕರ್, ಆದರೆ ಒಂದು ಏರ್‌ಬೆಡ್ ತೆಗೆದು ಮನೆಯಿಂದ ಮನೆಗೆ ಕೊಡಬಹುದಾ? ಹಿರಿಯರಿಗೆ ಹಿಂಸೆ, ನಿರ್ಲಕ್ಷ್ಯ ಆಗುವುದು ಕಂಡರೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ.

ಆ ಅಜ್ಜಿಯ ಮನೆಗೆ ನೆರೆಯ ಇಬ್ಬರು ಸದಸ್ಯೆಯರು ಸರದಿಯಲ್ಲಿ ಹೋಗತೊಡಗಿದರು. ಬೀಡಿಯ ಸೂಪನ್ನೂ ಅಲ್ಲಿಗೇ ಕೊಂಡುಹೋದರು. ಮುಂದಿನ ತಿಂಗಳು ನಾವು ಹೋದಾಗ ಅಜ್ಜಿ ನಮ್ಮೆದುರೇ ಸೊಸೆಯನ್ನು ಕೂಗಿದರು: "ಮಗಾ, ಸ್ವಲ್ಪ ನೀರು ಕೊಡು."

ಕೇಳುವ ಧೈರ್ಯ ಅವರಿಗೆ ಬಂದಿತ್ತು. ನಿಮ್ಮ ಮನೆಯ ಹಿರಿಯರಿಗೂ ಆ ಧೈರ್ಯ ಬರಲಿ. ದೇವರು ನಿಮ್ಮ ಕೈಗಳನ್ನು ಆಶೀರ್ವದಿಸಲಿ.