ನೋವಿಗೂ ಒಂದು ನುಡಿಯಿದೆ



ಕೆನಡಾದ ತುತ್ತತುದಿಯಲ್ಲಿ ನುನಾವುತ್ ಎಂಬ ಹಿಮದ ನಾಡಿದೆ. ಅದು ಇನುಯಿಟ್ ಜನರ ನಾಡು. ಅವರ ನುಡಿ ಇನುಕ್ಟಿಟುಟ್. ಇರುವುದು 25 ಊರು. ಊರಿಂದ ಊರಿಗೆ ರಸ್ತೆಯೇ ಇಲ್ಲ. ದಾದಿಯರು ನಡೆಸುವ ಆರೋಗ್ಯ ಕೇಂದ್ರವೇ ಆಸರೆ. ಕಾಯಿಲೆ ಜೋರಾದರೆ ವಿಮಾನವೇ ಗತಿ.

1950ರ ದಶಕದಲ್ಲಿ ಇಲ್ಲಿನ ಕ್ಷಯರೋಗಿಗಳನ್ನು ಹಡಗು ಹತ್ತಿಸಿ ದಕ್ಷಿಣದ ಆಸ್ಪತ್ರೆಗಳಿಗೆ ಒಯ್ದರು. ಎಷ್ಟೋ ಮಂದಿ ಅಲ್ಲೇ ಸತ್ತರು. ಹೂತ ಜಾಗ ಯಾವುದೆಂದು ಮನೆಯವರಿಗೆ ತಿಳಿಸಲೂ ಇಲ್ಲ. ಇದಕ್ಕೆ ಕೆನಡಾದ ಪ್ರಧಾನಿ ಕ್ಷಮೆ ಕೇಳಿದ್ದು ಯಾವಾಗ ಗೊತ್ತೆ? 2019ರಲ್ಲಿ!

1999ರಲ್ಲಿ ನುನಾವುತ್ ಪ್ರತ್ಯೇಕ ಆಡಳಿತ ಪಡೆಯಿತು. 2008ರಲ್ಲಿ ನುಡಿ ರಕ್ಷಣೆಯ ಕಾಯಿದೆ ಬಂತು. ಆರೋಗ್ಯ ಸೇವೆ ತಾಯ್ನುಡಿಯಲ್ಲಿ ಸಿಗಬೇಕೆಂದು ಅದು ವಿಧಿಸಿತು. ಆಮೇಲೂ ಏನಾಯಿತು? ಊರಲ್ಲಿ ಆರೈಕೆಯ ಮನೆಗಳು ಸಾಲದೆ, ಮರೆವಿನ ರೋಗ ಹತ್ತಿದ ಅಜ್ಜ-ಅಜ್ಜಿಯರನ್ನು ಸುಮಾರು 2,000 ಕಿ.ಮೀ. ದೂರದ ಒಟ್ಟಾವಾಕ್ಕೆ ಕಳಿಸಿದರು. ಮರೆವು ಬಂದ ಹಲವರಲ್ಲಿ ಆಮೇಲೆ ಕಲಿತ ಇಂಗ್ಲಿಷು ಮೊದಲು ಜಾರುತ್ತದೆ. ಉಳಿಯುವುದು ತಾಯ್ನುಡಿ. ಅದನ್ನು ಬಲ್ಲವರು ವಿರಳವಾದ ಊರಿನಲ್ಲಿ ಆ ಮುದಿ ಜೀವ ಯಾರೊಡನೆ ಮಾತಾಡಬೇಕು?

ಕಾಯಿದೆ ಬರೆದರೆ ಸಾಲದು ಗೆಳೆಯರೇ. ನುಡಿ ಬಲ್ಲ ದಾದಿ ಬೇಕು, ಊರಲ್ಲೇ ಹಾಸಿಗೆ ಬೇಕು.

ನಾಳೆ ನಿಮ್ಮೂರ ಆಸ್ಪತ್ರೆಯಲ್ಲಿ ಯಾವುದಾದರೂ ಅಜ್ಜಿ ಕನ್ನಡದಲ್ಲಿ ನೋವು ಹೇಳಿಕೊಂಡು, ಯಾರಿಗೂ ಅರ್ಥವಾಗದೆ ನಿಂತಿದ್ದರೆ ಮೊದಲು ಆಕೆಯ ಪಕ್ಕ ನಿಲ್ಲಿ. ಆಮೇಲೆ ಕೌಂಟರಿನಲ್ಲಿ ಗಟ್ಟಿಯಾಗಿ ಕೇಳಿ: ಕನ್ನಡ ಬಲ್ಲವರು ಇಲ್ಲೇಕಿಲ್ಲ?

ಸಿರಿಗನ್ನಡಂ ಗೆಲ್ಗೆ!