ದೋಣಿಯ ಲೆಕ್ಕ, ಮನೆಯ ನೆಮ್ಮದಿ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಪ್ಪತ್ತೈದು ವರ್ಷಗಳಲ್ಲಿ ಸಂಘ ನಡೆದು ಬಂದ ದಾರಿಯನ್ನು ಹಿರಿಯರು ಈಗಾಗಲೇ ವಿವರಿಸಿದ್ದಾರೆ. ನಮ್ಮ ಪಾಲಿಗೆ ಬಂದ ವಿಷಯ ಎಂಜಿನ್ ದೋಣಿ ಇಟ್ಟುಕೊಂಡವರ ಖರ್ಚು ಮತ್ತು ತಲೆಬಿಸಿ. ಹಬ್ಬದ ದಿನ ಇದೆಂಥ ಮಾತು ಎಂದು ಕೆಲವರಿಗೆ ಅನ್ನಿಸೀತು. ಆದರೆ ನಮ್ಮಲ್ಲಿ ಅನೇಕರು ಸಂಘದ ಬಾಗಿಲಿಗೆ ಬಂದದ್ದೇ ದೋಣಿಗಾಗಿ, ಎಂಜಿನ್ನಿಗಾಗಿ, ಬಲೆಗಾಗಿ. ಈ ಮಾತನ್ನು ಇಲ್ಲಿ ಆಡದೆ ಮತ್ತೆಲ್ಲಿ ಆಡುವುದು?

ನಮ್ಮ ಕುಂದಾಪುರ, ಬೈಂದೂರು ಕಡೆಯ ಹಿರಿಯರಿಗೆ ರಂಪಣಿಯ ಕಾಲ ನೆನಪಿದೆ. ರಂಪಣಿ ಬಲೆ ಒಬ್ಬನ ಸೊತ್ತಾಗಿರಲಿಲ್ಲ. ಹಲವು ಮನೆಯವರು ಬಲೆಯ ತುಂಡು ತಂದು ಕೂಡಿಸುತ್ತಿದ್ದರು. ಮೀನು ಬಿದ್ದರೆ ಎಲ್ಲರಿಗೂ ಪಾಲು, ಬೀಳದಿದ್ದರೆ ನಷ್ಟದಲ್ಲೂ ಪಾಲು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದವು, ರಂಪಣಿ ಮೂಲೆ ಸೇರಿತು. ನಾಡದೋಣಿಗೂ ಎಂಜಿನ್ ಬಂತು. ಹುಟ್ಟು ಹಾಕುವ ಕಷ್ಟ ತಪ್ಪಿತು, ದೂರ ಹೋಗುವ ಶಕ್ತಿ ಬಂತು. ಆದರೆ ಮೊದಲು ಹತ್ತಾರು ಮನೆಗೆ ಹಂಚಿಹೋಗುತ್ತಿದ್ದ ನಷ್ಟ ಈಗ ಒಂದೇ ಮನೆಯ ಮೇಲೆ ಬಂದು ಕೂತಿತು. ನಮ್ಮ ಇಂದಿನ ಚಿಂತೆಯ ಬೇರು ಇಲ್ಲಿದೆ ಎಂದು ನಾವು ತಿಳಿದಿದ್ದೇವೆ.

ದೋಣಿ ಕೊಳ್ಳುವಾಗ ನಾವು ಕೇಳುವುದು ಒಂದೇ ಪ್ರಶ್ನೆ: "ರೇಟು ಎಷ್ಟು?" ಆದರೆ ಕೊಂಡ ಬೆಲೆ ಖರ್ಚಿನ ಮೊದಲ ಮೆಟ್ಟಿಲು ಮಾತ್ರ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಎಂಜಿನ್ನಿಗೆ 1,20,000 ರೂಪಾಯಿ ಆಯ್ತು, ಅದು 5 ವರ್ಷ ಬಾಳಿತು ಎನ್ನೋಣ. ವರ್ಷಕ್ಕೆ 24,000 ಆಯಿತು. ವರ್ಷದಲ್ಲಿ 160 ದಿನ ಕಡಲಿಗೆ ಇಳಿದರೆ ದಿನಕ್ಕೆ 150 ರೂಪಾಯಿ. ಎಣ್ಣೆ, ಬಲೆ, ಬಡ್ಡಿ, ಕಲಾಸಿಗಳ ಪಾಲು ಇವೆಲ್ಲ ಬೇರೆ. ಅಂದರೆ ಎಂಜಿನ್ನಿನ ಹಗ್ಗ ಎಳೆದಾಗಲೆಲ್ಲ, ಮೀನು ಸಿಗಲಿ ಬಿಡಲಿ, 150 ರೂಪಾಯಿ ಸವೆದ ಹಾಗೆ. ಈ ದುಡ್ಡನ್ನು ನಾವು ಯಾರಿಗೂ ಕೈಯಾರೆ ಕೊಡುವುದಿಲ್ಲ, ಆದ್ದರಿಂದ ಕಣ್ಣಿಗೆ ಕಾಣುವುದಿಲ್ಲ. ಐದು ವರ್ಷ ಕಳೆದು ಎಂಜಿನ್ ನಿಂತ ದಿನ ಒಟ್ಟಿಗೇ ಕಾಣುತ್ತದೆ. ಆಗ ಹೆಂಡತಿಯ ಕಿವಿಯ ಓಲೆ ಅಡವಿಗೆ ಹೋಗುತ್ತದೆ.

ಇದಕ್ಕೆ ಮದ್ದು ನಮ್ಮ ಜಿಲ್ಲೆಯಲ್ಲೇ ಹುಟ್ಟಿದೆ. 1928ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ ಅವರಿದ್ದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು, ಪಿಗ್ಮಿ ಠೇವಣಿ ಆರಂಭಿಸಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಆದರೆ ಪಿಗ್ಮಿ ಎಂಬ ಮಾತು ಮನೆಮಾತಾಗಿ ಉಳಿದಿದೆ. ದೋಣಿಯ ಹೆಸರಿನಲ್ಲಿ ಒಂದು ಪಿಗ್ಮಿ ಇರಲಿ. ಮೀನು ಸಿಕ್ಕಿದ ದಿನ ಮೊದಲ ಪಾಲು ದೋಣಿಗೆ, ಆಮೇಲೆ ಮನೆಗೆ. ಬೂತಾಯಿ, ಬಂಗುಡೆ ರಾಶಿ ಬಿದ್ದ ದಿನ ಎರಡು ಪಾಲು ಹಾಕಿದರೆ ಬರಿಗೈಲಿ ಬಂದ ದಿನದ ಬಾಕಿ ಸರಿಯಾಗುತ್ತದೆ. ದೋಣಿಯ ದುಡ್ಡು ಬೇರೆ, ಮನೆಯ ದುಡ್ಡು ಬೇರೆ ಎಂಬ ಒಂದು ಗೆರೆ ಎಳೆದರೆ ಅರ್ಧ ತಲೆಬಿಸಿ ಇಳಿಯುತ್ತದೆ.

ಇನ್ನು ಎಂಜಿನ್ನಿನ ಆರೈಕೆ. ಉಪ್ಪುನೀರು ಕಬ್ಬಿಣಕ್ಕೆ ಶತ್ರು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದಡಕ್ಕೆ ಬಂದ ಮೇಲೆ ಸಿಹಿನೀರಿನಲ್ಲಿ ಸ್ವಲ್ಪ ಹೊತ್ತು ಎಂಜಿನ್ ಓಡಿಸಿ ಒಳಗಿನ ಉಪ್ಪು ತೊಳೆಯಬೇಕು. ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್ ಆದರೆ ನಿಲ್ಲಿಸುವ ಮೊದಲು ಪೆಟ್ರೋಲಿಗೆ ತಿರುಗಿಸಿ ಒಳಗೆ ಉಳಿದ ಸೀಮೆಎಣ್ಣೆ ಖಾಲಿ ಮಾಡಬೇಕು. ಎಂಜಿನ್ ಓಡುವಾಗ ಪಕ್ಕದಿಂದ ಚಿಮ್ಮುವ ನೀರಿನ ಎಳೆಯ ಮೇಲೆ ಒಂದು ಕಣ್ಣಿರಲಿ. ಅದು ನಿಂತರೆ ತಂಪು ನೀರು ಒಳಗೆ ಹೋಗುತ್ತಿಲ್ಲ ಎಂದರ್ಥ. ಆ ಕ್ಷಣವೇ ಎಂಜಿನ್ ನಿಲ್ಲಿಸಬೇಕು. ಹತ್ತು ನಿಮಿಷದ ಈ ಕೆಲಸಕ್ಕೆ ಬೇಜಾರು ಮಾಡಿದರೆ ಸಾವಿರಾರು ರೂಪಾಯಿಯ ರಿಪೇರಿ ಕಾದಿರುತ್ತದೆ.

ಎಣ್ಣೆಯ ಖರ್ಚಿನ ಬಗ್ಗೆಯೂ ಒಂದು ಮಾತು. ಭಾರದ ದೋಣಿ ನೀರನ್ನು ಸೀಳಿಕೊಂಡು ಹೋಗುವಾಗ ವೇಗ ಸ್ವಲ್ಪ ಹೆಚ್ಚಿದರೂ ನೀರಿನ ತಡೆ ಬಹಳ ಹೆಚ್ಚುತ್ತದೆ. ಆದ್ದರಿಂದ ಪೂರ್ತಿ ಆಕ್ಸಿಲರೇಟರ್ ಕೊಟ್ಟು ಓಡುವ ಬದಲು ವೇಗವನ್ನು ಹತ್ತರಲ್ಲಿ ಒಂದು ಪಾಲು ಇಳಿಸಿದರೆ ಅಷ್ಟೇ ದೂರಕ್ಕೆ ಎಣ್ಣೆ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಉಳಿಯುತ್ತದೆ. ದೋಣಿಯ ಅಡಿಗೆ ಹಿಡಿದ ಪಾಚಿ, ಚಿಪ್ಪು ಕೆರೆದು ತೆಗೆದರೂ ಉಳಿತಾಯವೇ. "ಆಚೆಯವರು ಮುಂದೆ ಹೋದ್ರಲ್ಲ ಮಾರಾಯ್ರೆ" ಎಂಬ ಪೈಪೋಟಿಯಲ್ಲಿ ನಮ್ಮ ಎಣ್ಣೆ ಎಷ್ಟು ಸುಟ್ಟುಹೋಗುತ್ತದೆ ಎಂದು ಲೆಕ್ಕ ಹಾಕಿದವರು ಕಡಿಮೆ.

ಬಾಂಧವರೇ, ದುಡ್ಡಿನ ಮಾತಿಗಿಂತ ದೊಡ್ಡ ಮಾತು ಇನ್ನೊಂದಿದೆ. ಕಂತು ಕಟ್ಟುವ ತಾರೀಕು ಹತ್ತಿರ ಬಂದಾಗ ಕಡಲಿನ ಬಣ್ಣ ನಮ್ಮ ಕಣ್ಣಿಗೆ ಬೇರೆಯಾಗಿ ಕಾಣುತ್ತದೆ. ಗಾಳಿ ಎದ್ದಿದ್ದರೂ, ಅಳಿವೆಯ ಬಾಯಲ್ಲಿ ತೆರೆ ಒಡೆಯುತ್ತಿದ್ದರೂ "ಒಂದು ಸಲ ಹೋಗಿ ಬರುವ" ಎನ್ನಿಸುತ್ತದೆ. 2017ರ ಓಖಿ ಚಂಡಮಾರುತದಲ್ಲಿ ಕೇರಳ, ತಮಿಳುನಾಡಿನ ನೂರಾರು ಮೀನುಗಾರರು ಮನೆಗೆ ಮರಳಲಿಲ್ಲ. ಅವರಲ್ಲಿ ಅನೇಕರು ಎಚ್ಚರಿಕೆ ಬರುವ ಮೊದಲೇ ಆಳ ಕಡಲಿನಲ್ಲಿದ್ದವರು, ಅವರಿಗೆ ತಿಳಿಯುವ ದಾರಿ ಇರಲಿಲ್ಲ. ದಡದಲ್ಲಿರುವ ನಮಗೆ ಇಂದು ಹವಾಮಾನ ಇಲಾಖೆಯ ಎಚ್ಚರಿಕೆ ಮೊಬೈಲಿಗೇ ಬರುತ್ತದೆ. ತಿಳಿದ ಮೇಲೂ ಕಂತಿನ ಹೆದರಿಕೆಗೆ ಕಡಲಿಗೆ ಇಳಿಯುವ ಗತಿ ಸದಸ್ಯನಿಗೆ ಬರಬಾರದು. ತಪ್ಪಿದ ಕಂತನ್ನು ಮುಂದಿನ ತಿಂಗಳು ಕಟ್ಟಬಹುದು, ಹೋದ ಜೀವವನ್ನು ಯಾವ ಸಂಘವೂ ತಂದು ಕೊಡಲಾರದು. ಕಡಲಿನಲ್ಲಿ ಆಪತ್ತು ಬಂದರೆ ಕೋಸ್ಟ್ ಗಾರ್ಡಿನ 1554 ನಂಬರು ಪ್ರತಿ ಕಲಾಸಿಗೂ ಬಾಯಿಪಾಠ ಇರಲಿ. ಲೈಫ್ ಜಾಕೆಟ್ ದೋಣಿಯ ಮೂಲೆಯಲ್ಲಲ್ಲ, ಮೈಮೇಲೆ ಇರಲಿ.

ಚಿಂತೆ ಮನಸ್ಸಿನೊಳಗೇ ಕೊಳೆತರೆ ರಾತ್ರಿ ನಿದ್ದೆ ಹೋಗುತ್ತದೆ, ಕೆಲವರಲ್ಲಿ ಕುಡಿತ ಬರುತ್ತದೆ, ಸಿಟ್ಟೆಲ್ಲ ಮನೆಯ ಹೆಂಗಸರು ಮಕ್ಕಳ ಮೇಲೆ ಬೀಳುತ್ತದೆ. ಸಾಲ ಎಷ್ಟಿದೆ ಎಂದು ಮನೆಯಾಕೆಗೆ ಹೇಳದವರು ನಮ್ಮಲ್ಲಿ ಕಡಿಮೆಯಲ್ಲ. ಬುಟ್ಟಿ ಹೊತ್ತು ಮೀನು ಮಾರಿ ಕಾಸಿಗೆ ಕಾಸು ಕೂಡಿಸುವ ನಮ್ಮ ತಾಯಂದಿರಿಗೆ, ಅಕ್ಕಂದಿರಿಗೆ ನಮಗಿಂತ ಚೆನ್ನಾಗಿ ಲೆಕ್ಕ ಬರುತ್ತದೆ. ಅವರ ಮುಂದೆ ಪಾಸ್ ಪುಸ್ತಕ ಬಿಚ್ಚಿಡಿ. ಮನಸ್ಸು ತೀರಾ ಕುಗ್ಗಿದರೆ 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸೇವೆಯ 14416ಕ್ಕೆ ಫೋನು ಮಾಡಬಹುದು. ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇದರಲ್ಲಿ ನಾಚಿಕೆಯ ಮಾತೇನೂ ಇಲ್ಲ. ಎಂಜಿನ್ನಿಗೆ ಮೆಕ್ಯಾನಿಕ್ ಬೇಕಾದ ಹಾಗೆ ಮನಸ್ಸಿಗೂ ಬೇಕಾಗುತ್ತದೆ.

ಕೊನೆಯದಾಗಿ ಸಂಘದ ಮುಂದೆ ನಾವು ಮೂರು ಕೋರಿಕೆ ಇಡುತ್ತೇವೆ. ಒಂದು, ಕಂತು ಕಡಲಿನ ಲಯಕ್ಕೆ ಹೊಂದಲಿ. ಯಾಂತ್ರಿಕ ಬೋಟುಗಳಿಗೂ 10 ಅಶ್ವಶಕ್ತಿಗೆ ಮೀರಿದ ಎಂಜಿನ್ನಿನ ದೋಣಿಗಳಿಗೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ ಇದೆ. ಆ ಎರಡು ತಿಂಗಳ ಕಂತನ್ನು ಮೀನು ಸಿಗುವ ತಿಂಗಳುಗಳಿಗೆ ಹಂಚಿದರೆ ಸದಸ್ಯನೂ ಉಳಿದಾನು, ಸಂಘದ ವಸೂಲಾತಿಯೂ ಉಳಿದೀತು. ಎರಡು, ಸಂಘದ ಹೆಸರಿನಲ್ಲಿ ಒಂದೆರಡು ಎಂಜಿನ್ ಇರಲಿ. ಒಬ್ಬರದು ಕೆಟ್ಟರೆ ರಿಪೇರಿ ಆಗುವ ತನಕ ಬಾಡಿಗೆಗೆ ಕೊಡಲಿ. ಮೂರು, 2018ರ ಕೇಂದ್ರ ಬಜೆಟ್ಟಿನಲ್ಲಿ ಮೀನುಗಾರರಿಗೂ ವಿಸ್ತರಿಸಿದ ಕಿಸಾನ್ ಕ್ರೆಡಿಟ್ ಕಾರ್ಡಿಗೆ, ದೋಣಿಯ ವಿಮೆಗೆ ಅರ್ಜಿ ತುಂಬಲು ಸಂಘದ ಕಚೇರಿಯಲ್ಲಿ ವಾರಕ್ಕೊಂದು ದಿನ ಯಾರಾದರೂ ಕೂತು ಸಹಾಯ ಮಾಡಲಿ.

ರಂಪಣಿ ಮರಳಿ ಬಾರದು. ಆದರೆ ಅದರ ಜೊತೆಗಿದ್ದ ಪಾಲಿನ ಬುದ್ಧಿ ನಮಗೆ ಇನ್ನೂ ಬೇಕು. ಸಹಕಾರ ಸಂಘ ಎಂದರೆ ಅದೇ ತಾನೆ? ಲಾಭ ಬಂದಾಗ ಡಿವಿಡೆಂಡು ಹಂಚಿದಂತೆ, ಕಷ್ಟ ಬಂದಾಗ ಭಾರವನ್ನೂ ಹಂಚಿಕೊಳ್ಳೋಣ. ದೋಣಿಗೆ ಹೋದ ಪ್ರತಿಯೊಬ್ಬರೂ ಸುಖವಾಗಿ ದಡ ಸೇರಲಿ, ನಮ್ಮ ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ ಎಂದು ಹಾರೈಸುತ್ತೇವೆ.